ಆಡಿಸಿಯೋ, ನಿಲ್ಸಿಯೋ

ರಿಬೆಲ್ಲೆಯ ಅಪ್ಪನಿಗೆ ಪಾದ್ರಿಗಳನ್ನು ಕಂಡರೆ ಆಗುತ್ತಿರಲಿಲ್ಲ, ರಾಜನನ್ನು ಕಂಡರೂ ಆಗುತ್ತಿರಲಿಲ್ಲ. ಇಟಲಿಯ ಲಮೋನೆ ಹೊಳೆಯ ಕಡೆ ಆ ಕಾಲದ ಗಂಡಸರು ಬಹಳ ಮಂದಿ ಹಾಗೇ. ಮಗ ಹುಟ್ಟಿದರೆ ಸಂತರ ಹೆಸರಿಡುವ ಬದಲು ಸಿಟ್ಟಿನ ಹೆಸರಿಡುತ್ತಿದ್ದರು. ರಿಬೆಲ್ಲೆ ಅಂದರೆ ತಿರುಗಿಬಿದ್ದವನು. ಹೆಸರಿಗೂ ಮನುಷ್ಯನಿಗೂ ಅಜಗಜಾಂತರ. ರಿವಾಲ್ಟಾ ಊರಿನಲ್ಲಿ ಸಂಜೆಯಾದೊಡನೆ ಸೈಕಲ್ಲಿಗೆ ದೀಪ ಹಾಕಿಕೊಳ್ಳುತ್ತಿದ್ದವನು ಅವನೊಬ್ಬನೇ. ದೊಡ್ಡವನಾಗಿ ಸಕ್ಕರೆ ಕಾರ್ಖಾನೆಗೆ ಬೀಟ್ ಗೆಡ್ಡೆ ಸಾಗಿಸುವ ಲಾರಿ ಓಡಿಸಿದ. ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ನಿಲ್ಲುವನು. ಪಕ್ಕದಲ್ಲಿ ಹೆಂಡತಿ ದಿರ್ಚೆ ಕೂತಿದ್ದರೆ ಅವಳಿಗೆ ಮೈ ಉರಿಯುತ್ತಿತ್ತು.

"ಯಾರಿದ್ದಾರೆ ಇಲ್ಲಿ? ಹೋದ್ರೆ ಏನಾಗತ್ತೆ?"

"ದೀಪ ಇದೆಯಲ್ಲ," ಅನ್ನುವನು.

ಎಪ್ಪತ್ತರ ಸುಮಾರಿಗೆ ಹೊಳೆಯ ದಂಡೆಗೆ ಕಾರು ಓಟದ ಟ್ರ್ಯಾಕ್ ಬಂತು. ಊರಿನ ಗಂಡುಮಕ್ಕಳೆಲ್ಲ ಓಡಿಸುವವರಾಗುವ ಕನಸು ಕಂಡರು. ರಿಬೆಲ್ಲೆ ಬಾವುಟ ಹಿಡಿಯುವವನಾದ. ಅದಕ್ಕೆ ಸಂಬಳವಿಲ್ಲ. ಒಂದು ಟೋಪಿ, ಒಂದು ಗುರುತಿನ ಕಾರ್ಡು, ಮಧ್ಯಾಹ್ನಕ್ಕೆ ಹಂದಿಮಾಂಸ ಇಟ್ಟ ರೊಟ್ಟಿ. ಅಷ್ಟಕ್ಕೇ ಅವನು ಭಾನುವಾರಗಳನ್ನು ಬರೆದುಕೊಟ್ಟುಬಿಟ್ಟ.

ಆಗಿನ ನಿಯಮದಲ್ಲಿ ಹಳದಿ ಬಾವುಟಕ್ಕೆ ಎರಡು ಮಾತಿತ್ತು. ಅಲ್ಲಾಡಿಸದೆ ನಿಲ್ಲಿಸಿ ಹಿಡಿದರೆ, ಮುಂದೆ ಏನೋ ಇದೆ, ಒಬ್ಬರನ್ನೊಬ್ಬರು ಹಿಂದೆ ಹಾಕಬೇಡಿ ಎಂದು. ಆಡಿಸಿದರೆ, ದಾರಿಯಲ್ಲೇ ಅಪಾಯ ಇದೆ, ವೇಗ ಇಳಿಸಿ, ನಿಲ್ಲಲು ತಯಾರಾಗಿ ಎಂದು. ಬಟ್ಟೆ ಅದೇ, ಕೋಲು ಅದೇ. ಹಿಡಿದವನ ತೋಳು ಆಡಿತೋ ಇಲ್ಲವೋ ಎನ್ನುವುದರ ಮೇಲೆ ಓಡಿಸುವವನ ತಪ್ಪೂ ದಂಡವೂ ನಿಂತಿತ್ತು. ರಿಬೆಲ್ಲೆ ಹಿತ್ತಲಿನಲ್ಲಿ ಅಭ್ಯಾಸ ಮಾಡುತ್ತಿದ್ದ. ಮಣಿಕಟ್ಟಿನಿಂದ ಅಲ್ಲ, ಭುಜದಿಂದ. ಎಂಟನ್ನು ಅಡ್ಡ ಮಲಗಿಸಿ ಬರೆದ ಹಾಗೆ ತೋಳು ಹೋಗಿ ಬರಬೇಕು. ಕೋಳಿಗಳು ಕಿರುಚಿಕೊಂಡು ಬೇಲಿ ಹತ್ತುತ್ತಿದ್ದವು. ಆ ವರ್ಷ ಮೊಟ್ಟೆ ಕಡಿಮೆಯಾಯಿತೆಂದು ದಿರ್ಚೆ ಬೈದದ್ದುಂಟು.

ಟ್ರ್ಯಾಕಿನ ಉದ್ದಕ್ಕೂ ಬಾವುಟದವರು ನಿಲ್ಲುವ ಜಾಗಕ್ಕೆ ಪೋಸ್ಟು ಎನ್ನುತ್ತಿದ್ದರು. ಅವನ ಜೊತೆಗೆ ಒಂಬತ್ತನೇ ಪೋಸ್ಟಿನಲ್ಲಿ ಇರುತ್ತಿದ್ದವನು ಕ್ಷೌರಿಕ ಒರಿಯಾನೊ. ಕಾರು ಕೆಟ್ಟು ನಿಂತರೆ ಓಡಿಹೋಗಿ ತಳ್ಳುವುದು, ಬೆಂಕಿ ಆರಿಸುವುದು ಅವನ ಕೆಲಸ. ಕಾಲು ಚುರುಕು, ನಾಲಿಗೆ ಇನ್ನೂ ಚುರುಕು. ಇಬ್ಬರೂ ಫೆದೋರಾಳ ಬಾರಿನಲ್ಲಿ ಇಸ್ಪೀಟಿನ ಜೋಡಿ. ಅವರ ಕಡೆಯ ಮರಾಫೋನೆ ಆಟದಲ್ಲಿ ಜೋಡಿಯ ಹತ್ತಿರ ಮಾತಾಡುವ ಹಾಗಿಲ್ಲ, ಕಣ್ಣು ಮಿಟುಕಿಸುವ ಹಾಗಿಲ್ಲ. ಎಲೆ ಇಳಿಸುವಾಗ ಮೇಜು ಕುಟ್ಟಬಹುದು, ಎಲೆಯನ್ನು ಎಳೆದು ಬಿಡಬಹುದು, ಹಾರಿಸಿ ಹಾಕಬಹುದು. ಕುಟ್ಟಿದರೆ, ನಿನ್ನ ದೊಡ್ಡ ಎಲೆ ಇಳಿಸು ಎಂದು. ರಿಬೆಲ್ಲೆ ಕುಟ್ಟುವ ಮೊದಲೇ ಒರಿಯಾನೊನ ಎಲೆ ಮೇಜಿನ ಮೇಲಿರುತ್ತಿತ್ತು. ಎದುರು ಕೂತವರು, "ನೀವಿಬ್ರೂ ಮದುವೆ ಆಗ್ಬಿಡಿ ಮಾರಾಯ್ರೆ, ದಿರ್ಚೆನ ನಾವು ಸಾಕ್ಕೋತೀವಿ," ಎಂದು ಎಲೆ ಬಿಸಾಡುತ್ತಿದ್ದರು.

ಪೋಸ್ಟಿನಿಂದ ಓಟ ನಡೆಸುವವರ ಟವರಿಗೆ ಫೋನು ಮಾಡುತ್ತಿದ್ದವನು ತುರಿನೊಗೆ ಕೆಲಸ ಹುಡುಕಿಕೊಂಡು ಹೋದ. ಆ ಜಾಗಕ್ಕೆ ದಿರ್ಚೆ ಬಂದಳು. ಅವಳಿಗೆ ಓದು ಅಷ್ಟಕ್ಕಷ್ಟೆ. ಆದರೆ ಪೀಚ್ ಹಣ್ಣು ಆರಿಸುವ ಶೆಡ್ಡಿನಲ್ಲಿ ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ಪಳಗಿತ್ತು.

"ನಿನ್ನ ಹೆಂಡ್ತಿಗೆ ತಂತಿ ಯಾಕೋ?" ಒರಿಯಾನೊ ಕೆಣಕಿದ. "ಅವಳು ಬಾಯಿ ತೆಗೆದ್ರೆ ಟವರ್ ಏನು, ಬೊಲೊನ್ಯಾಗೂ ಕೇಳತ್ತೆ."

"ನಿನ್ನ ಕತ್ತರಿ ಹರಿತ ಇದ್ದಿದ್ರೆ ನಾನೂ ಮೆತ್ತಗೆ ಮಾತಾಡ್ತಿದ್ದೆ," ಎಂದಳು ದಿರ್ಚೆ. "ಹೋದ ವಾರ ಇವನ ಕಿವಿ ಹತ್ರ ಏನು ಕೊರೆದಿದ್ದೀಯ ನೋಡು. ಇಲಿ ತಿಂದ ಹಾಗಿದೆ."

ಫೋನಿಗೂ ಒಂದು ಕ್ರಮವಿತ್ತು. ಮೊದಲು ಪೋಸ್ಟಿನ ನಂಬರು, ಆಮೇಲೆ ಕಾರಿನ ನಂಬರು, ಆಮೇಲೆ ವಿಷಯ. ರಿಬೆಲ್ಲೆ ಹೆಂಡತಿಗೆ ರಾತ್ರಿ ಊಟಕ್ಕೆ ಕೂತಾಗಲೂ ಅದನ್ನೇ ಒಪ್ಪಿಸಲು ಹಚ್ಚುತ್ತಿದ್ದ. "ಒಂಬತ್ತು. ಹನ್ನೆರಡನೇ ಕಾರು. ಸಾರಿಗೆ ಉಪ್ಪು ಕಮ್ಮಿ," ಎನ್ನುವಳು ಅವಳು. ಅವನಿಗೂ ನಗು ಬರುತ್ತಿತ್ತು.

ಪೀಚ್ ಕಾಲ ಮುಗಿಯುವ ಹೊತ್ತಿನ ಒಂದು ಭಾನುವಾರ, ಸಣ್ಣ ಕಾರುಗಳ ಓಟದಲ್ಲಿ, ಒಂಬತ್ತನೇ ಪೋಸ್ಟಿನ ತಿರುವು ದಾಟಿದೊಡನೆ ಒಂದು ಕಾರು ಗಿರ್ರನೆ ಸುತ್ತಿ ದಾರಿಗೆ ಅಡ್ಡ ನಿಂತಿತು. ಓಡಿಸುತ್ತಿದ್ದ ಹುಡುಗ ಒಳಗೆ ಸಿಕ್ಕಿಕೊಂಡಿದ್ದ. ರಿಬೆಲ್ಲೆ ಹಳದಿ ಎತ್ತಿ ಭುಜದಿಂದ ಆಡಿಸಲು ಹತ್ತಿದ. ಹಿಂದಿನಿಂದ ಬಂದ ನಾಲ್ಕೈದು ಕಾರುಗಳು ವೇಗ ಇಳಿಸಿ ಪಕ್ಕಕ್ಕೆ ಸರಿದು ಹೋದವು. ಒರಿಯಾನೊ ಓಡಿ ಹುಡುಗನ ಬೆಲ್ಟು ಬಿಚ್ಚುತ್ತಿದ್ದ. ದಿರ್ಚೆ ಫೋನೆತ್ತಿ ಕ್ರಮವಾಗಿ ಹೇಳಿದಳು: ಒಂಬತ್ತು, ಇಂಥ ನಂಬರಿನ ಕಾರು, ಅಡ್ಡ ನಿಂತಿದೆ, ಮನುಷ್ಯ ಒಳಗಿದ್ದಾನೆ.

ಟವರಿನವನು ಕೇಳಿದ: "ಹಳದಿ ಹೇಗೆ? ಆಡಿಸಿಯೋ, ನಿಲ್ಸಿಯೋ?"

ಆ ಪ್ರಶ್ನೆ ತಂತಿಯಲ್ಲಿ ಬರುವ ಹೊತ್ತಿಗೆ ಅವಳ ಕಿವಿ ಅಲ್ಲಿರಲಿಲ್ಲ. ಬಿಳಿ ಹಸಿರು ಬಣ್ಣದ ಹದಿನಾಲ್ಕನೇ ಕಾರು ತಿರುವಿಗೆ ಬರುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದ ಕಾರಿನ ಸದ್ದು ಬೇರೆ, ತೆಗೆಯದ ಕಾರಿನ ಸದ್ದು ಬೇರೆ; ಆ ಊರಿನ ಹಸುಗೂಸಿಗೂ ಅದು ಗೊತ್ತು. ಇದು ಕಾಲು ತೆಗೆದಿರಲಿಲ್ಲ. ಓಟ ನಿಲ್ಲಿಸಲಿ, ಎಲ್ಲರೂ ಕೆಂಪು ಬಾವುಟ ಎತ್ತಲಿ ಎಂದು ಅವಳು ಫೋನಿನೊಳಗೆ ಕೂಗಿದಳು.

"ನಿಲ್ಸಿ! ನಿಲ್ಸಿ!"

"ತಿಳೀತು," ಎಂದು ಟವರಿನವನು ಫೋನಿಟ್ಟ.

ಹದಿನಾಲ್ಕನೇ ಕಾರು ಅಡ್ಡ ನಿಂತ ಕಾರಿನ ಮೂತಿಗೆ ಬಡಿಯಿತು. ಹುಡುಗನಿಗೆ ಏನೂ ಆಗಲಿಲ್ಲ. ಎರಡು ಕಾರಿನ ನಡುವೆ ಒರಿಯಾನೊನ ಬಲಗಾಲು ಇತ್ತು.

ಹದಿನಾಲ್ಕನೇ ಕಾರಿನವನು ಗೆರಾರ್ದೊ ಸೋಲ್ಬ್ಯಾತಿ. ಮಿಲಾನೊ ಕಡೆಯ ನೇಯ್ಗೆ ಮಿಲ್ಲಿನವರ ಮಗ, ಚೆಂದದ ಮುಖ, ಮುಂದೆ ದೊಡ್ಡ ಓಟಗಳಿಗೆ ಹೋಗುವವನು ಎಂದು ಎಲ್ಲರೂ ಹೇಳುತ್ತಿದ್ದರು. ಓಟದ ತೀರ್ಪುಗಾರರು ಮೂವರು ಅವತ್ತು ಸಂಜೆಯೇ ಕೂತು ಅವನನ್ನು ಆ ಓಟದಿಂದ ತೆಗೆದುಹಾಕಿದರು, ಮುಂದಿನ ಮೂರು ಓಟಕ್ಕೆ ಬರಬೇಡ ಎಂದರು. ಆಡಿಸಿದ ಹಳದಿಗೆ ವೇಗ ಇಳಿಸಲಿಲ್ಲ ಎಂಬ ಕಾರಣಕ್ಕೆ. ರಿಬೆಲ್ಲೆ ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಾಗ ಈ ಸುದ್ದಿ ಬಂತು. "ನಿಯಮ ಇದೆಯಲ್ಲ," ಎಂದ. ಆ ಹೊತ್ತಿಗೆ ಒಳಗೆ ಒರಿಯಾನೊನ ಕಾಲು ತೆಗೆಯುತ್ತಿದ್ದರು.

ಸೋಲ್ಬ್ಯಾತಿಯ ಕಡೆಯವರು ಸುಮ್ಮನಿರಲಿಲ್ಲ. ವಕೀಲ ಬಂದ. ಟವರಿನವನನ್ನು ಕೇಳಿದ. ಟವರಿನವನು ಒಳ್ಳೆಯ ಮನುಷ್ಯ, ನಿವೃತ್ತ ಮೇಷ್ಟ್ರು, ಸುಳ್ಳು ಹೇಳುವವನಲ್ಲ; ಅವನು ಸುಳ್ಳು ಹೇಳಿದ್ದರೆ ದಿರ್ಚೆಗೆ ಬೈಯಲು ಒಬ್ಬನಾದರೂ ಸಿಗುತ್ತಿದ್ದ. "ಆಡಿಸಿಯೋ ನಿಲ್ಸಿಯೋ ಅಂತ ಕೇಳಿದೆ. ನಿಲ್ಸಿ ಅಂದ್ರು. ಎರಡು ಸಲ ಅಂದ್ರು," ಎಂದ ಅವನು. ಇದ್ದದ್ದು ಇದ್ದ ಹಾಗೆ.

ಮತ್ತೆ ವಿಚಾರಣೆ ನಡೆಯಿತು. ದಿರ್ಚೆಯನ್ನು ಕರೆದರು. ಅವಳು ಮದುವೆಮನೆಗೆ ಉಡುವ ಕಪ್ಪು ಉಡುಪು ಹಾಕಿಕೊಂಡು ಹೋದಳು. ವಕೀಲ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ, ಅಷ್ಟು ಮರ್ಯಾದೆಸ್ಥ.

"ಸಿನ್ಯೋರಾ, ನೀವು ಫೋನಲ್ಲಿ 'ನಿಲ್ಸಿ' ಅಂದ್ರಾ?"

"ಅಂದೆ. ಓಟ ನಿಲ್ಸಿ ಅಂತ ಅಂದೆ."

"ಓಟ ಅನ್ನೋ ಮಾತು ಬಾಯಲ್ಲಿ ಬಂತಾ?"

"ಇಲ್ಲ."

"ಕೆಂಪು ಬಾವುಟ ಅಂದ್ರಾ?"

"ಇಲ್ಲ."

"ಮೊದಲು ಪೋಸ್ಟಿನ ನಂಬರು ಹೇಳಬೇಕಲ್ವಾ? ಹೊಸದಾಗಿ ಒಂದು ವಿಷಯ ಹೇಳೋದಾಗಿದ್ರೆ ಒಂಬತ್ತು ಅಂತ ಶುರು ಮಾಡ್ತಿದ್ರಿ. ಹೇಳಿದ್ರಾ?"

"ಹೊತ್ತೆಲ್ಲಿತ್ತು?"

"ನಂಬರು ಹೇಳಲಿಲ್ಲ. ಅಂದ್ರೆ ನೀವು ಉತ್ತರ ಕೊಟ್ಟಿದ್ದು."

"ಪ್ರಶ್ನೆ ನನಗೆ ಕೇಳಿಸಲೇ ಇಲ್ಲ!"

ವಕೀಲ ತೀರ್ಪುಗಾರರ ಕಡೆ ತಿರುಗಿದ. "ಪ್ರಶ್ನೆಗೆ ಎರಡೇ ಉತ್ತರ ಇತ್ತು. ಕೇಳಿಸದೆ ಇದ್ರೂ ಸಿನ್ಯೋರಾ ಅದರಲ್ಲಿ ಒಂದನ್ನ ಸರಿಯಾಗಿ ಹೇಳ್ಬಿಟ್ಟಿದ್ದಾರೆ," ಎಂದ. ಯಾರೋ ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ರಿಬೆಲ್ಲೆಯನ್ನು ಕೇಳಿದರು. "ಆಡಿಸಿದೆ," ಎಂದ. "ಹಾಗಾದ್ರೆ ನಿಮ್ಮ ಹೆಂಡತಿ ಸುಳ್ಳು ಹೇಳಿದ್ರಾ?" "ಇಲ್ಲ." "ಟವರಿನವರು?" "ಇಲ್ಲ." ಅವನು ಮೇಜು ಕುಟ್ಟಲಿಲ್ಲ, ಕೂಗಲಿಲ್ಲ. ಇನ್ನೊಬ್ಬ ಓಡಿಸುವವನು ಬಂದು ಹಳದಿ ಆಡುತ್ತಿತ್ತು, ನಾನು ಕಂಡೆ ಎಂದ. ಅವನಿಗೂ ಸೋಲ್ಬ್ಯಾತಿಗೂ ಹಿಂದಿನ ಓಟದಲ್ಲಿ ಜಗಳವಾಗಿದ್ದರಿಂದ ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕಿದರು. ಬೇಲಿಯಾಚೆ ನಿಂತು ನೋಡಿದವರ ಮಾತು ಲೆಕ್ಕಕ್ಕಿಲ್ಲ.

ತೀರ್ಪು ಬಂತು. ನಿಲ್ಲಿಸಿ ಹಿಡಿದ ಹಳದಿಗೆ ಒಬ್ಬರನ್ನೊಬ್ಬರು ಹಿಂದೆ ಹಾಕಬಾರದು, ಅಷ್ಟೆ. ಸೋಲ್ಬ್ಯಾತಿ ಯಾರನ್ನೂ ಹಿಂದೆ ಹಾಕಿಲ್ಲ. ಆದ್ದರಿಂದ ಶಿಕ್ಷೆ ರದ್ದು. ಇನ್ನು ಮುಂದೆ ಎಚ್ಚರವಿರಲಿ ಎಂದು ಒಂದು ಬುದ್ಧಿಮಾತು. ಮನುಷ್ಯ ದಾರಿಯಲ್ಲಿರುವಾಗ ಬಾವುಟ ಆಡಿಸದೆ ನಿಂತವನ ಕಾರ್ಡು ಮಾತ್ರ ವಾಪಸು, ಇನ್ನೆಂದೂ ಟ್ರ್ಯಾಕಿಗೆ ಕಾಲಿಡುವಂತಿಲ್ಲ.

ರಿಬೆಲ್ಲೆ ಟೋಪಿಯನ್ನೂ ಬಾವುಟವನ್ನೂ ಒಗೆದು, ಇಸ್ತ್ರಿ ಮಾಡಿ, ಯಾವ ಕಿಟಕಿಯಲ್ಲಿ ಕೊಡಬೇಕೆಂದು ಕೇಳಿಕೊಂಡು ಹೋಗಿ ಕೊಟ್ಟು ಬಂದ. ದಿರ್ಚೆಗೆ ಅದು ತಡೆಯಲಿಲ್ಲ.

"ಇಸ್ತ್ರಿ ಮಾಡಿ ಕೊಟ್ಟು ಬಂದ್ಯಾ! ಅವರ ಮುಖಕ್ಕೆ ಎಸೆಯೋಕೆ ಆಗಲಿಲ್ವಾ? ನಿಮ್ಮಪ್ಪ ಯಾವ ಗಳಿಗೆಲಿ ಇಟ್ಟನೋ ಆ ಹೆಸರು!"

"ಬಾವುಟದ್ದೇನು ತಪ್ಪು?" ಎಂದ ಅವನು.

ಅವನು ಅವಳನ್ನು ಒಂದು ದಿನವೂ ಹಂಗಿಸಲಿಲ್ಲ. ಹಂಗಿಸಿದ್ದರೆ ತಿರುಗಿ ಒಂದು ಮಾತು ಹೇಳಿ ಹಗುರಾಗುತ್ತಿದ್ದಳು. ಊಟಕ್ಕೆ ಕೂತಾಗ ಒಂಬತ್ತು, ಹನ್ನೆರಡು ಎನ್ನುವ ತಮಾಷೆ ನಿಂತುಹೋಯಿತು. ಸಾರಿಗೆ ಉಪ್ಪು ಹೆಚ್ಚಾದರೂ ಕಮ್ಮಿಯಾದರೂ ಇಬ್ಬರೂ ಸುಮ್ಮನೆ ತಿಂದರು.

ಒರಿಯಾನೊಗೆ ಆ ದಿನದ ಒಂದು ಚೂರೂ ನೆನಪಿರಲಿಲ್ಲ. ಬೆಳಗ್ಗೆ ಗಡ್ಡ ಮಾಡಿದ್ದು ಗೊತ್ತು, ಆಮೇಲೆ ಆಸ್ಪತ್ರೆಯ ಸೂರು ಗೊತ್ತು. ನಡುವಿನದನ್ನು ತೀರ್ಪು ತುಂಬಿತು. ರಿಬೆಲ್ಲೆ ನೋಡಲು ಹೋದಾಗ ಒಳಗಿನಿಂದಲೇ ಕೂಗಿದನಂತೆ: "ಹಳದಿ ನಿಲ್ಸಿ ಹಿಡಿದವನಿಗೆ ನನ್ನ ಮುಖ ನೋಡೋ ಹಕ್ಕಿಲ್ಲ. ಕಳಿಸಿ ಅವನನ್ನ." ರಿಬೆಲ್ಲೆ ಮತ್ತೆ ಹೋದ, ಮತ್ತೆ ಬಾಗಿಲು ಹಾಕಿತ್ತು. ಪ್ರತಿ ಭಾನುವಾರ, ಓಟದ ಹೊತ್ತಿಗೆ, ಮೊದಲು ಪೋಸ್ಟಿಗೆ ಹೋಗುತ್ತಿದ್ದ ಹಾಗೆ, ಸೈಕಲ್ ಏರಿ ಒರಿಯಾನೊನ ಬಾಗಿಲಿಗೆ ಹೋಗಿ ಬರುತ್ತಿದ್ದ.

ಒಂದು ದಿನ ದಿರ್ಚೆಯೇ ಹೋದಳು. ಅವಳಿಗೆ ಬಾಗಿಲು ತೆಗೆದರು. ಒರಿಯಾನೊ ಎತ್ತರದ ಸ್ಟೂಲಿನ ಮೇಲೆ ಕೂತು ಒಬ್ಬ ಮುದುಕನ ಗಡ್ಡ ಕೆರೆಯುತ್ತಿದ್ದ. ನಿಂತು ಮಾಡುವ ಕಸುಬನ್ನು ಕೂತು ಮಾಡಬೇಕು. ಅರ್ಧ ಗಿರಾಕಿ ಆಗಲೇ ಪೇಟೆಯ ಕಡೆ ತಿರುಗಿದ್ದರು.

"ಒರಿಯಾನೊ, ಅವನು ಆಡಿಸಿದ. ತಪ್ಪು ನನ್ನ ಬಾಯಿದು. ಓಟ ನಿಲ್ಸಿ ಅಂತ ನಾನು ಕೂಗಿದ್ದನ್ನ ಅವರು ಬಾವುಟ ನಿಲ್ಸಿ ಅಂತ ತಿಳ್ಕೊಂಡ್ರು."

ಒರಿಯಾನೊ ಕತ್ತಿ ಒರೆಸಿದ. "ಹೆಂಡ್ತಿ ಅಂದ್ಮೇಲೆ ಹೀಗೇ ಹೇಳ್ಬೇಕು ದಿರ್ಚೆ. ನನ್ನ ಹೆಂಡ್ತಿ ಆಗಿದ್ರೂ ಹೀಗೇ ಹೇಳ್ತಿದ್ಲು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಅಷ್ಟು ಜನದ ಎದುರಿಗೆ ನಿಜ ಹೇಳಿದೆ, ಅದು ದೊಡ್ಡದು. ಈಗ ಬದಲಾಯಿಸಬೇಡ."

ಬಾಯಿಂದ ಬಿದ್ದ ಮಾತನ್ನು ಊರೆಲ್ಲ ನಂಬಿತು. ಅದರ ಅರ್ಥ ಇದು ಎಂದು ಅದೇ ಬಾಯಿ ಹೇಳಿದರೆ ಯಾರಿಗೂ ಬೇಡವಾಯಿತು.

ಬಾರಿನಲ್ಲಿ ಒರಿಯಾನೊ ಬೇರೆ ಜೋಡಿ ಕಟ್ಟಿಕೊಂಡ. ರಿಬೆಲ್ಲೆ ಪಕ್ಕದ ಮೇಜಿನಲ್ಲಿ ಒಂದು ಲೋಟ ವೈನು ಇಟ್ಟುಕೊಂಡು ಕೂತು ನೋಡುವನು. ಒಂದು ಸಂಜೆ ಒರಿಯಾನೊ ಯಾವ ಎಲೆ ಇಳಿಸಲಿ ಎಂದು ಬಹಳ ಹೊತ್ತು ತೂಗಾಡಿದ. ರಿಬೆಲ್ಲೆಯ ಗೆಣ್ಣು ತನಗೆ ತಾನೇ ಮೇಜಿನ ಮೇಲೆ ಒಂದು ಸಲ ಕುಟ್ಟಿತು. ಒರಿಯಾನೊನ ಕೈ ಗಾಳಿಯಲ್ಲಿ ನಿಂತಿತು.

"ಫೆದೋರಾ," ಎಂದ ಒರಿಯಾನೊ, ತಿರುಗದೆ. "ಆ ಮೇಜಲ್ಲಿ ಯಾರೋ ಕುಟ್ತಿದ್ದಾರೆ. ಏನು ಬೇಕಂತೆ ಕೇಳು."

ರಿಬೆಲ್ಲೆ ವೈನು ಮುಗಿಸಿ ಎದ್ದು ಬಂದ. ಮತ್ತೆ ಆ ಬಾರಿಗೆ ಹೋಗಲಿಲ್ಲ.

ಅವನು ಸತ್ತದ್ದು ಲಾರಿಯಲ್ಲಿ, ಕೆಂಪು ದೀಪದ ಎದುರು. ಹಸಿರಾದ ಮೇಲೂ ಲಾರಿ ಮುಂದೆ ಹೋಗದ್ದಕ್ಕೆ ಹಿಂದಿನವರು ಹಾರ್ನ್ ಹೊಡೆದು, ಬೈದು, ಕಡೆಗೆ ಇಳಿದು ಬಂದು ನೋಡಿದರು. ಹ್ಯಾಂಡ್ ಬ್ರೇಕು ಎಳೆದಿತ್ತು. ಹೆಣದ ಹಿಂದೆ ಸಕ್ಕರೆ ಕಾರ್ಖಾನೆಯವರು ಬಂದರು, ಪೀಚ್ ಶೆಡ್ಡಿನ ಹೆಂಗಸರು ಬಂದರು. ಒರಿಯಾನೊ ಅಂಗಡಿಯ ಪರದೆ ಇಳಿಸಿದ್ದ. ಅಷ್ಟು ಮಾಡಿದ, ಬರಲಿಲ್ಲ.

ಇದಾಗಿ ಕೆಲವು ವರ್ಷಕ್ಕೆ ನಿಯಮ ಬದಲಾಯಿತು. ನಿಲ್ಲಿಸಿ ಹಿಡಿಯುವ ಹಳದಿಯನ್ನೇ ತೆಗೆದುಹಾಕಿದರು. ಇನ್ನು ಮೇಲೆ ಹಳದಿ ಅಂದರೆ ಆಡಿಸುವುದೇ, ಇಳಿಸದವನಿಗೆ ಶಿಕ್ಷೆ. ಒಂದು ಮಾತಿಗೆ ಒಂದೇ ಅರ್ಥ. ದಿರ್ಚೆಗೆ ಇದನ್ನು ಫೆದೋರಾ ಹೇಳಿದಳು, ಕಾಫಿ ಕೊಡುತ್ತ. "ಈಗ ಬಂತು ಬುದ್ಧಿ," ಎಂದಳು ದಿರ್ಚೆ. ಮನೆಗೆ ಹೋಗಿ ಆ ದಿನವೆಲ್ಲ ಒಲೆ ಹಚ್ಚಲಿಲ್ಲ.

ಟ್ರ್ಯಾಕಿಗೆ ಇಪ್ಪತ್ತೈದು ತುಂಬಿದಾಗ ಹಳಬರಿಗೆಲ್ಲ ಊಟ ಹಾಕಿಸಿದರು. ದಿರ್ಚೆಯನ್ನೂ ಕರೆದರು, ಅವಳ ಕಾರ್ಡನ್ನು ಯಾರೂ ಕಿತ್ತುಕೊಂಡಿರಲಿಲ್ಲ, ಅವಳೇ ಹೋಗುವುದನ್ನು ಬಿಟ್ಟದ್ದು. ಅವಳು ಹೋದಳು. ಸೋಲ್ಬ್ಯಾತಿ ಬರುತ್ತಾನೆ ಎಂದು ಕೇಳಿದ್ದಳು.

ಸೋಲ್ಬ್ಯಾತಿ ದೊಡ್ಡ ಓಟಗಳಿಗೆ ಹೋಗಿ, ಗೆದ್ದು ಸೋತು, ಈಗ ಓಟಗಾರರ ಸುರಕ್ಷತೆಯ ಕಮಿಟಿಯಲ್ಲಿ ದೊಡ್ಡ ಮನುಷ್ಯ. ಕೂದಲು ಬೆಳ್ಳಗೆ, ಮುಖ ಇನ್ನೂ ಚೆಂದ. ಕೋಳಿಸಾರಿನಲ್ಲಿ ತೇಲುವ, ಕಪ್ಪೆಲ್ಲೆತ್ತಿ ಎಂಬ ಸಣ್ಣ ಕಡುಬು ಮುಗಿದ ಮೇಲೆ ಎದ್ದು ಭಾಷಣ ಮಾಡಿದ. "ಇದೇ ರಿವಾಲ್ಟಾದಲ್ಲಿ ಒಂದು ನಿಂತ ಬಾವುಟದಿಂದ ಒಬ್ಬ ಮನುಷ್ಯನ ಕಾಲು ಹೋಯ್ತು. ಅವತ್ತೇ ನಿಶ್ಚಯ ಮಾಡಿದೆ, ಈ ನಿಯಮ ಹೋಗಬೇಕು ಅಂತ. ಹೋರಾಡಿದೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಒರಿಯಾನೊ ಎರಡು ಮೇಜಿನಾಚೆ ಕೂತು ಕಣ್ಣೊರೆಸಿಕೊಂಡ.

ದಿರ್ಚೆ ಎದ್ದು ಸೋಲ್ಬ್ಯಾತಿಯ ಹತ್ತಿರ ಹೋಗಿ ನಿಂತಳು.

"ನಾನು ಒಂಬತ್ತನೇ ಪೋಸ್ಟಿನ ಫೋನಿನವಳು."

ಅವನು ತಟ್ಟನೆ ಎದ್ದ. ಕೈ ಹಿಡಿದುಕೊಂಡ. "ಸಿನ್ಯೋರಾ! ಕೂತ್ಕೊಳಿ, ಕೂತ್ಕೊಳಿ."

"ಒಂದೇ ಮಾತು. ಬಾವುಟ ಆಡ್ತಿತ್ತಾ, ನಿಂತಿತ್ತಾ? ನೀವು ಕಂಡಿದ್ದು."

ಅವನು ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಹಳೆಯ ಗೆಳತಿಯ ಹತ್ತಿರ ಗುಟ್ಟು ಹೇಳುವವನ ಹಾಗೆ ಬಗ್ಗಿದ. "ಆಡ್ತಿತ್ತು. ಆ ಮನುಷ್ಯ ಗೋಧಿ ಬಡಿಯೋನ ಹಾಗೆ ಬೀಸ್ತಿದ್ದ. ಆದ್ರೆ ಓಟ ಅಂದ್ರೆ ಹಾಗೇ ಸಿನ್ಯೋರಾ, ಎಲ್ಲರೂ ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಕಾಲು ತೆಗೆಯಲ್ಲ. ಆಮೇಲೆ ನಮ್ಮ ವಕೀಲ ಹೇಳಿದ: ನೀನು ಕಂಡಿದ್ದು ಏನು ಅಂತ ಯಾರೂ ಕೇಳಲ್ಲ, ಅವಳು ಹೇಳಿದ್ದು ಏನು ಅಂತ ಕೇಳ್ತಾರೆ. ನಿಜವಾಗ್ಲೂ ನನ್ನನ್ನ ಯಾರೂ ಕೇಳಲಿಲ್ಲ."

"ಅಲ್ಲಿ ಕೂತಿದ್ದಾನಲ್ಲ, ಊರುಗೋಲು ಇಟ್ಕೊಂಡು. ಅವನಿಗೆ ಇದನ್ನ ಹೇಳಿ. ಬೇರೆ ಯಾರಿಗೂ ಬೇಡ."

"ಖಂಡಿತ," ಎಂದ ಸೋಲ್ಬ್ಯಾತಿ. ಅತ್ತ ಹೋದ.

ದಿರ್ಚೆ ಇದ್ದಲ್ಲೇ ನಿಂತು ನೋಡಿದಳು. ಸೋಲ್ಬ್ಯಾತಿ ಒರಿಯಾನೊನನ್ನು ಅಪ್ಪಿಕೊಂಡ. ಕಿವಿಯಲ್ಲಿ ಏನೋ ಹೇಳಿದ. ಒರಿಯಾನೊ ತಲೆಯಾಡಿಸಿದ, ಅತ್ತ, ನಕ್ಕ. ಸೋಲ್ಬ್ಯಾತಿ ಜೇಬಿನಿಂದ ಪೆನ್ನು ತೆಗೆದು ಊರುಗೋಲಿನ ಮೇಲೆ ಸಹಿ ಹಾಕಿದ. ಅವಳು ಹತ್ತಿರ ಹೋದಳು.

"ಏನಂದ್ರು?"

"ನನ್ನನ್ನ ಒಂದಿನಾನೂ ಮರೆತಿಲ್ವಂತೆ," ಎಂದ ಒರಿಯಾನೊ. "ನೋಡು, ಎಷ್ಟು ದೊಡ್ಡ ಮನುಷ್ಯ, ತಾನಾಗೇ ಎದ್ದು ಬಂದ. ಮನುಷ್ಯ ಅಂದ್ರೆ ಹೀಗಿರಬೇಕು."

"ಇನ್ನೇನಂದ್ರು?"

"ಇನ್ನೇನು ಬೇಕು ದಿರ್ಚೆ?"

ಅವಳು ತಿರುಗಿ ನೋಡಿದಳು. ಸೋಲ್ಬ್ಯಾತಿ ಆಗಲೇ ಮೇಯರರ ಪಕ್ಕದಲ್ಲಿ ನಗುತ್ತಿದ್ದ. ಅವನು ಹೇಳಿದ ಎಂದು ತಾನು ಹೇಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹೆಂಡ್ತಿ ಅಂದ್ಮೇಲೆ ಹೀಗೇ ಹೇಳ್ಬೇಕು ಅನ್ನುತ್ತಾನೆ.

ಅಷ್ಟರಲ್ಲಿ ಫೋಟೋದವನು ಎಲ್ಲರನ್ನೂ ಮೆಟ್ಟಿಲ ಮೇಲೆ ಕರೆದ. ನಡುವೆ ಸೋಲ್ಬ್ಯಾತಿ, ಅವನ ಪಕ್ಕ ಊರುಗೋಲಿನ ಒರಿಯಾನೊ, ಕೊನೆಯಲ್ಲಿ ದಿರ್ಚೆ. ಸಂಜೆಯ ಬೆಳಕು ಕಮ್ಮಿ, ಯಾರೂ ಅಲ್ಲಾಡಬಾರದು ಎಂದು ಫೋಟೋದವನು ಗೋಗರೆದ. ದಿರ್ಚೆ ಸೆರಗಿನಂತೆ ಹೊದ್ದಿದ್ದ ಶಾಲು ಸರಿಮಾಡಿಕೊಳ್ಳುತ್ತಿದ್ದಳು.

"ಸಿನ್ಯೋರಾ, ಕೈ ನಿಲ್ಸಿ! ನಿಲ್ಸಿ!"

ಆ ಮಾತು ಬಿದ್ದೊಡನೆ ಅವಳ ತೋಳು ಎದ್ದಿತು. ಭುಜದಿಂದ, ಎಂಟನ್ನು ಅಡ್ಡ ಮಲಗಿಸಿದ ಹಾಗೆ, ಹಿತ್ತಲಿನ ಕೋಳಿಗಳನ್ನು ಬೆದರಿಸುತ್ತಿದ್ದ ಅದೇ ಬೀಸಿನಲ್ಲಿ, ಹೋಯಿತು, ಬಂತು, ಹೋಯಿತು. ಕ್ಯಾಮೆರಾ ಕ್ಲಿಕ್ ಎಂದಿತು.

ಆ ಫೋಟೋವನ್ನು ಫೆದೋರಾ ಕಟ್ಟು ಹಾಕಿಸಿ ಬಾರಿನ ಗೋಡೆಗೆ ತೂಗಿಸಿದಳು. ಎಲ್ಲರ ಮುಖ ಸ್ಪಷ್ಟವಾಗಿದೆ, ಸೋಲ್ಬ್ಯಾತಿಯ ಟೈಯ ಗೆರೆ ಕೂಡ ಕಾಣುತ್ತದೆ. ಕೊನೆಯಲ್ಲಿ ಮಾತ್ರ ಒಂದು ತೋಳಿರುವಲ್ಲಿ ಬೂದು ಮೋಡ.

ಮರುವಾರ ದಿರ್ಚೆ ಕಾಫಿ ಕುಡಿಯುತ್ತಿದ್ದಾಗ ಒರಿಯಾನೊ ಊರುಗೋಲು ಊರಿಕೊಂಡು ಫೋಟೋ ಮುಂದೆ ಹೋಗಿ ನಿಂತ.

"ಇಷ್ಟು ಒಳ್ಳೆ ಫೋಟೋನ ಕೆಡಿಸಿದ್ದು ಯಾರು?"

"ಇನ್ಯಾರು, ದಿರ್ಚೆ," ಎಂದಳು ಫೆದೋರಾ.

"ಒಳ್ಳೆ ಜೋಡಿ," ಎಂದ ಒರಿಯಾನೊ. "ಗಂಡ ಆಡಿಸಬೇಕಾದಾಗ ಆಡಿಸಲಿಲ್ಲ. ಹೆಂಡ್ತಿ ನಿಲ್ಲಬೇಕಾದಾಗ ನಿಲ್ಲಲಿಲ್ಲ."

ಇಸ್ಪೀಟಿನ ಮೇಜಿನವರು ನಕ್ಕರು. ದಿರ್ಚೆ ಲೋಟದ ತಳದ ಸಕ್ಕರೆಯನ್ನು ಚಮಚದಿಂದ ಕೆರೆದು ತಿಂದಳು, ಚಮಚ ಇಟ್ಟಳು.

"ಆಡಿದ್ದು ಫೋಟೋದಲ್ಲಿ ಕಾಣತ್ತೆ ಒರಿಯಾನೊ," ಎಂದಳು. "ಅವತ್ತು ಯಾರೂ ಫೋಟೋ ತೆಗೀಲಿಲ್ಲ."

ಒರಿಯಾನೊ ಎಲೆ ಕಲಸಲು ಕೂತಿದ್ದ. ಅವನಿಗೆ ಅದು ಕೇಳಿಸಿತೋ ಇಲ್ಲವೋ.